ಪೀಣ್ಯದ ಶೆಡ್ಡುಗಳಲ್ಲಿ ಸಸ್ಟೈನಬಿಲಿಟಿ ಕನ್ಸಲ್ಟೆನ್ಸಿ: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನಮ್ಮ ಬಿಸಿನೆಸ್ ನಡೀತಿರೋದು ಫ್ಯಾಕ್ಟರಿ ಓನರ್‌ಗಳಿಗೆ ಏಕಾಏಕಿ ಪರಿಸರದ ಮೇಲೆ ಪ್ರೀತಿ ಉಕ್ಕಿ ಬಂದಿದ್ದಕ್ಕಲ್ಲ, ಮೇಲಿಂದ ರೂಲ್ಸ್ ಬಂದಿದ್ದಕ್ಕೆ. 2021ರ ಮೇನಲ್ಲಿ ಸೆಬಿಯವ್ರು (ಷೇರು ಮಾರ್ಕೆಟ್ ನೋಡ್ಕೊಳೋ ಸರ್ಕಾರಿ ಸಂಸ್ಥೆ) ಬಿಆರ್‌ಎಸ್‌ಆರ್, ಅಂದ್ರೆ ಕಂಪನಿಯ ಜವಾಬ್ದಾರಿ ಮತ್ತು ಸುಸ್ಥಿರತೆ ಬಗ್ಗೆ ಕೊಡೋ ರಿಪೋರ್ಟಿನ ಸುತ್ತೋಲೆ ಹೊರಡಿಸಿದ್ರು, 2022-23ರಿಂದ ಷೇರು ಮಾರ್ಕೆಟ್ಟಲ್ಲಿರೋ ಟಾಪ್ 1000 ಕಂಪನಿಗಳಿಗೆ ಅದು ಕಡ್ಡಾಯ ಆಯ್ತು, ಕರೆಂಟ್ ಎಷ್ಟು, ನೀರೆಷ್ಟು, ಕಸ ಎಲ್ಲಿಗೆ ಹೋಗತ್ತೆ, ಹೆಂಗಸ್ರಿಗೆ ಎಷ್ಟು ಸಂಬಳ, ಎಷ್ಟು ಜನಕ್ಕೆ ಕೆಲ್ಸದಲ್ಲಿ ಪೆಟ್ಟಾಯ್ತು ಎಲ್ಲಾ ಬರೀಬೇಕು. ಆ ಸಾವಿರ ಕಂಪನಿಗಳು ನಮ್ಮಂಥ ಐದಾರು ಜನರ ಆಫೀಸಿಗೆ ಬರಲ್ಲ, ಅವ್ರಿಗೆ ದೊಡ್ಡ ದೊಡ್ಡ ಫರ್ಮ್‌ಗಳಿವೆ. ನಮ್ಮತ್ರ ಬರೋರು ಅವ್ರಿಗೆ ಮಾಲು ಕೊಡೋರು: ಪೀಣ್ಯದ ಮಷಿನಿಂಗ್ ಶೆಡ್ಡುಗಳು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್, ವಸಂತನರಸಾಪುರದ ಕಡೆ ಒಂದಿಷ್ಟು ಫುಡ್ ಯೂನಿಟ್‌ಗಳು. ಸಪ್ಲೈಯರ್‌ಗಳ ಲೆಕ್ಕದ ವಿಷ್ಯದಲ್ಲಿ ಸೆಬಿ ಆಮೇಲೆ ಸ್ವಲ್ಪ ಸಡಿಲ ಬಿಡ್ತು, ಆದ್ರೆ ಫಾರಿನ್ ಬಯರ್‌ಗಳು ಬಿಡಬೇಕಲ್ಲ. ಒಂದು ಉದ್ದದ ಎಕ್ಸೆಲ್ ಶೀಟ್ ಮೇಲ್‌ನಲ್ಲಿ ಬರತ್ತೆ, ಓನರ್ ಗಾಬರಿ ಬಿದ್ದು ಯಾರನ್ನೋ ಕೇಳಿ ನಮ್ಮ ನಂಬರ್ ಹಿಡ್ದು ಫೋನ್ ಮಾಡ್ತಾರೆ, "ಮೇಡಂ ಇದನ್ನ ತುಂಬ್ಸಿ ಕೊಡಕ್ಕೆ ಎಷ್ಟಾಗತ್ತೆ?"

ತುಂಬ್ಸಿ ಕೊಡೋರು ಊರ ತುಂಬ ಇದಾರೆ. ಕೆಎಸ್‌ಪಿಸಿಬಿ (ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ) ಕನ್ಸೆಂಟ್ ಫೈಲ್ ಮಾಡ್ಕೊಡೋ ಏಜೆಂಟ್‌ಗಳೇ ಈಗ ತಮ್ಮ ಆಫೀಸ್ ಬೋರ್ಡಲ್ಲಿ ಇಎಸ್‌ಜಿ (ಪರಿಸರ, ಸಾಮಾಜಿಕ, ಆಡಳಿತ) ಅಂತ ಸೇರಿಸ್ಕೊಂಡಿದಾರೆ, ನಾಲ್ಕು ಫೋನ್ ಮಾಡಿ, ಹೋದ ವರ್ಷದ ಬೇರೆ ಯಾವ್ದೋ ಕಂಪನಿ ಶೀಟ್ ತಗೊಂಡು ಹೆಸ್ರು ಬದಲಾಯಿಸಿ ಕಳ್ಸೋರೂ ಇದಾರೆ. ಅವ್ರ ರೇಟಿಗೆ ನಮಗೆ ಆಗಲ್ಲ. ನಾವು ಶುರು ಮಾಡ್ದಾಗ್ಲೇ ಒಂದು ಕಂಡೀಷನ್ ಇಟ್ಕೊಂಡ್ವಿ, ಪ್ಲಾಂಟ್ ಒಳಗೆ ಓಡಾಡಕ್ಕೆ ಬಿಟ್ರೆ ಮಾತ್ರ ಕೆಲ್ಸ ತಗೋತೀವಿ, ಎಚ್‌ಆರ್ ಕಳಿಸೋ ಪಿಡಿಎಫ್ ನೋಡಿ ರಿಪೋರ್ಟ್ ಬರೆಯಲ್ಲ. ಇದರಿಂದ ಅರ್ಧ ಎನ್‌ಕ್ವೈರಿ ಅಲ್ಲೇ ಉದುರಿಹೋಗ್ತವೆ. ಹೋಗ್ಲಿ ಬಿಡಿ.

ಒಳಗೆ ಹೋದ್ರೆ ನಾನು ಮೊದ್ಲು ಕೇಳೋದು ಡಿಜಿ (ಡೀಸೆಲ್ ಜನರೇಟರ್) ರೂಮ್ ಎಲ್ಲಿ ಅಂತ. ಕಾನ್ಫರೆನ್ಸ್ ರೂಮಲ್ಲಿ ಪ್ರೆಸೆಂಟೇಷನ್ ರೆಡಿ ಮಾಡ್ಕೊಂಡು ಕೂತಿರ್ತಾರೆ ಪಾಪ, ಅದು ಆಮೇಲೆ. ಡಿಜಿ ಪಕ್ಕ ಒಂದು ಲಾಗ್‌ಬುಕ್ ನೇತಾಕಿರ್ತಾರೆ, ಎಷ್ಟೊತ್ತಿಗೆ ಆನ್, ಎಷ್ಟೊತ್ತಿಗೆ ಆಫ್, ಅವರ್ ಮೀಟರ್ ರೀಡಿಂಗ್, ಎಷ್ಟು ಲೀಟರ್ ಹಾಕಿದ್ರು. ನಿಜ್ವಾಗ್ಲೂ ದಿನಾ ಬರೆದಿರೋ ಪುಸ್ತಕ ಹೆಂಗಿರತ್ತೆ ಅಂದ್ರೆ ಮೂರ್ನಾಕು ಬಗೆ ಕೈಬರಹ, ಒಂದು ಪುಟದಲ್ಲಿ ಗ್ರೀಸ್ ಹೆಬ್ಬೆಟ್ಟು, ಯುಗಾದಿ ದಿನ ಖಾಲಿ. ಆಡಿಟ್ ಇದೆ ಅಂತ ಹಿಂದಿನ ರಾತ್ರಿ ಬರೆದಿರೋ ಪುಸ್ತಕದಲ್ಲಿ ಆರು ತಿಂಗಳಿಗೂ ಒಂದೇ ಪೆನ್ನು, ಒಂದೇ ಬಾಗು, ಯುಗಾದಿ ದಿನಾನೂ ಒಂದೂವರೆ ಗಂಟೆ ಓಡಿರತ್ತೆ. ಆಮೇಲೆ ಅಕೌಂಟ್ಸ್‌ನಿಂದ ಡೀಸೆಲ್ ಬಿಲ್ ತರಿಸ್ಕೋತೀನಿ. 250 ಕೆವಿಎ ಸೆಟ್ಟು ಮುಕ್ಕಾಲು ಲೋಡಲ್ಲಿ ಗಂಟೆಗೆ ಸುಮಾರು 40 ಲೀಟರ್ ಕುಡಿಯತ್ತೆ, ಹಂಗಾಗಿ ಅವರ್ ಮೀಟರ್‌ಗೂ ಬಿಲ್ಲಿಗೂ ತಾಳೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಒಂದೋ ಮೀಟರ್ ಕೆಟ್ಟಿದೆ ಇಲ್ಲಾ ಡೀಸೆಲ್ ಎಲ್ಲೋ ಹೋಗ್ತಿದೆ. ಎರಡನೇದು ಗೊತ್ತಾದಾಗ ಓನರ್‌ಗೆ ನಮ್ಮ ಮೇಲೆ ಬರೋ ಗೌರವ ನೋಡ್ಬೇಕು ನೀವು!

ಕಾರ್ಬನ್ ಲೆಕ್ಕ ಅಂದ್ರೆ ಜನ ಹೆದರ್ತಾರೆ, ಸಣ್ಣ ಯೂನಿಟ್‌ಗೆ ಅದು ಮಿಡ್ಲ್ ಸ್ಕೂಲ್ ಗಣಿತ. ಒಂದು ಲೀಟರ್ ಡೀಸೆಲ್ ಸುಟ್ರೆ ಹತ್ರತ್ರ 2.68 ಕೆಜಿ ಕಾರ್ಬನ್ ಡೈಆಕ್ಸೈಡ್, ಇದು ಸ್ಕೋಪ್ 1, ಅಂದ್ರೆ ಯೂನಿಟ್‌ನವ್ರೇ ಸುಟ್ಟಿದ್ದು. ಬೆಸ್ಕಾಂ ಕರೆಂಟು ಒಂದು ಯೂನಿಟ್‌ಗೆ 0.7 ಕೆಜಿ ಚಿಲ್ಲರೆ, ಇದು ಸ್ಕೋಪ್ 2, ಅಂದ್ರೆ ಕೊಂಡ ಕರೆಂಟಿಂದ ಆಗಿದ್ದು, ಈ ಅಂಕಿನ ಕೇಂದ್ರ ವಿದ್ಯುತ್ ಪ್ರಾಧಿಕಾರದವ್ರು ಇಡೀ ದೇಶದ ಗ್ರಿಡ್‌ಗೆ ಲೆಕ್ಕ ಹಾಕಿ ಪ್ರಕಟಿಸ್ತಾರೆ. ತಿಂಗಳಿಗೆ 40,000 ಯೂನಿಟ್ ಬಿಲ್ ಬರೋ ಶೆಡ್ಡು ಅಂದ್ರೆ 28-29 ಟನ್ ಆಯ್ತು. ತಲೆನೋವು ಇರೋದು ಸ್ಕೋಪ್ 3ರಲ್ಲಿ, ಅಂದ್ರೆ ತಗೊಳೋ ಸ್ಟೀಲು, ಲಾರಿ ಓಡಾಟ, ನೌಕರರ ಬಸ್ಸು ಇತ್ಯಾದಿ, ಅಲ್ಲಿ ಅಂದಾಜು ಜಾಸ್ತಿ, ಅದನ್ನ ಅಂದಾಜು ಅಂತ್ಲೇ ಬರೀತೀವಿ. ಓನರ್‌ಗೆ ಟನ್ ಅರ್ಥ ಆಗಲ್ಲ, ರೂಪಾಯಿ ಅರ್ಥ ಆಗತ್ತೆ. ಅದಕ್ಕೇ ಭಾನುವಾರ ಮಷಿನ್ ಎಲ್ಲ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಆನ್ ಮಾಡ್ಸಿ ಓನರ್‌ನ ಕರ್ಕೊಂಡು ಶೆಡ್ಡಲ್ಲಿ ಒಂದು ಸುತ್ತು ಹಾಕ್ತೀನಿ, ಎಲ್ಲಾ ಕಡೆ ಸುಸ್ಸ್ ಅಂತ ಗಾಳಿ ಲೀಕ್ ಆಗೋದು ಕೇಳ್ಸತ್ತೆ. ಯಾರೂ ಗಾಳಿ ಬಳಸ್ತಿಲ್ಲ, ಆದ್ರೂ ಕಂಪ್ರೆಸರ್ ಲೋಡ್ ತಗೋತಾನೇ ಇದೆ, ಅಷ್ಟೂ ಕರೆಂಟ್ ದುಡ್ಡು ಪೈಪಿನ ತೂತಲ್ಲಿ ಹೋಗ್ತಿದೆ. ಹತ್ತು ಪೇಜ್ ರಿಪೋರ್ಟ್ ಮಾಡದೇ ಇರೋ ಕೆಲ್ಸನ ಆ ಸದ್ದು ಮಾಡತ್ತೆ.

ಸಾಮಾಜಿಕ ಭಾಗಕ್ಕೆ ಇಂಥ ಮೀಟರ್ ಇಲ್ಲ. ಬಯರ್ ಶೀಟಲ್ಲಿ ಇರೋದೆಲ್ಲಾ ಹೌದು-ಇಲ್ಲ ಪ್ರಶ್ನೆ. ಪಾಶ್ ಕಮಿಟಿ (ಲೈಂಗಿಕ ಕಿರುಕುಳದ ದೂರು ಕೇಳೋ ಕಮಿಟಿ) ಇದ್ಯಾ, ಹೌದು. ಶಿಶುಪಾಲನಾ ಕೇಂದ್ರ ಇದ್ಯಾ, ಹೌದು (ಹೋಗಿ ನೋಡಿದ್ರೆ ತೊಟ್ಟಿಲಲ್ಲಿ ಬಟ್ಟೆ ಬಂಡಲ್). ದೂರುಗಳ ರಿಜಿಸ್ಟರ್ ತೆಗೆದ್ರೆ ಸೊನ್ನೆ, ಸೊನ್ನೆ, ಸೊನ್ನೆ. ಸಾವಿರ ಜನ ಕೆಲ್ಸ ಮಾಡೋ ಜಾಗದಲ್ಲಿ ವರ್ಷವಿಡೀ ಒಂದೂ ದೂರಿಲ್ಲ ಅಂದ್ರೆ ನಂಗೆ ಖುಷಿಯಾಗಲ್ಲ, ಭಯ ಆಗತ್ತೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗಿಯೋ ರೂಲ್ ಬದಲಾಯ್ತು ಅಂತ ಹೊಸೂರು ರೋಡಿಗೂ ತುಮಕೂರು ರೋಡಿಗೂ ಸಾವಿರಾರು ಗಾರ್ಮೆಂಟ್ಸ್ ಹೆಣ್ಮಕ್ಕಳು ಇಳಿದ್ರಲ್ಲ, ಕೇಂದ್ರ ಸರ್ಕಾರ ಆ ರೂಲ್‌ನೇ ವಾಪಸ್ ತಗೋಬೇಕಾಯ್ತಲ್ಲ, ಅದರ ಹಿಂದಿನ ವಾರ ಆ ಫ್ಯಾಕ್ಟರಿಗಳ ರಿಜಿಸ್ಟರ್ ತೆಗೆದು ನೋಡಿದ್ರೂ ಬಹುಶಃ ಸೊನ್ನೇನೇ ಇರ್ತಿತ್ತು.

ಹಂಗಾಗಿ ನಾನು ಎಚ್‌ಆರ್ ಕ್ಯಾಬಿನ್‌ನಲ್ಲಿ ಯಾರನ್ನೂ ಮಾತಾಡ್ಸಲ್ಲ. ಎಚ್‌ಆರ್ ಆರಿಸಿ ಕಳಿಸಿದವ್ರನ್ನಂತೂ ಅಲ್ವೇ ಅಲ್ಲ. ಊಟದ ಹೊತ್ತಿಗೆ ಡಬ್ಬಿ ತಗೊಂಡು ಪಕ್ಕದಲ್ಲಿ ಕೂತ್ಕೊಳೋದು, ಶಿಫ್ಟ್ ಬಿಟ್ಟಾಗ ಬಸ್ ಸ್ಟಾಪ್‌ವರೆಗೂ ಜೊತೆಗೆ ನಡಿಯೋದು. "ನಿಮಗೆ ಕಿರುಕುಳ ಇದ್ಯಾ" ಅಂತ ಕೇಳಿದ್ರೆ ಯಾರ್ ಹೇಳ್ತಾರೆ? "ಬೆಳಗ್ಗೆಯಿಂದ ಎಷ್ಟು ನೀರು ಕುಡಿದ್ರಿ ಅಕ್ಕ" ಅಂತ ಕೇಳ್ತೀನಿ. ನಗ್ತಾರೆ ಮೊದ್ಲು. ಆಮೇಲೆ ಒಬ್ರು ಹೇಳ್ತಾರೆ, ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಾಗತ್ತೆ, ಎದ್ದು ಹೋದ್ರೆ ಪೀಸ್ ಕಮ್ಮಿ ಬೀಳತ್ತೆ, ಸೂಪರ್‌ವೈಸರ್ ಬೈತಾನೆ, ಅದಕ್ಕೆ ಮಧ್ಯಾಹ್ನದ ತಂಕ ಕುಡಿಯಲ್ಲ ಅಂತ. ಅಲ್ಲಿಗೆ ಪ್ರೊಡಕ್ಷನ್ ಟಾರ್ಗೆಟ್, ಉರಿಮೂತ್ರ, ರಜೆ, ಬೈಗುಳ ಎಲ್ಲಾ ಒಂದೇ ಉತ್ತರದಲ್ಲಿ ಬಂತು. ಒಡಿಶಾ, ಜಾರ್ಖಂಡ್ ಹುಡುಗೀರಿಗೆ ನನ್ನ ಮುರುಕು ಹಿಂದಿ ಸಾಕಾಗಲ್ಲ, ಆ ಕಡೆಯವರನ್ನೇ ದಿನಗೂಲಿ ಕೊಟ್ಟು ಕರ್ಕೊಂಡು ಹೋಗ್ತೀವಿ, ಆ ಖರ್ಚು ಕೊಟೇಷನ್‌ನಲ್ಲೇ ಹಾಕಿರ್ತೀವಿ. ಯಾರ್ ಏನ್ ಹೇಳಿದ್ರು ಅನ್ನೋದು ಮ್ಯಾನೇಜ್‌ಮೆಂಟ್‌ಗೆ ಹೋಗಲ್ಲ, ಲೈನ್ ನಂಬರ್ ಕೂಡ ಕೊಡಲ್ಲ, ಇದು ಅಗ್ರಿಮೆಂಟಲ್ಲೇ ಬರೆದಿರತ್ತೆ.

ಪರಿಸರ ಬೇರೆ, ಸಾಮಾಜಿಕ ಬೇರೆ ಅಂತ ಎರಡು ಟೀಮ್ ಮಾಡ್ಕೊಳೋರಿಗೆ ನಾನು ಒಂದು ಸಲ ಅಪಾರ್ಟ್‌ಮೆಂಟ್ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೋಡ್ಕೊಂಡ್ ಬನ್ನಿ ಅಂತೀನಿ. ಬೇಸ್‌ಮೆಂಟ್ ಇಳೀತಿದ್ದ ಹಂಗೇ ಮೂಗಿಗೇ ಅರ್ಧ ವಿಷ್ಯ ಗೊತ್ತಾಗತ್ತೆ, ಸರಿಯಾಗಿ ಓಡ್ತಿರೋ ಎಸ್‌ಟಿಪಿ ಮಳೆ ಬಿದ್ದ ಮಣ್ಣಿನ ವಾಸ್ನೆ ಬರತ್ತೆ, ಕೆಟ್ಟಿರೋದು ಕೊಳೆತ ಮೊಟ್ಟೆ. ಏರೇಷನ್ ಟ್ಯಾಂಕಿಂದ ಒಂದು ಲೀಟರ್ ಅಳತೆ ಜಾರಲ್ಲಿ ನೀರು ತಗೊಂಡು ಅರ್ಧ ಗಂಟೆ ಅಲ್ಲಾಡಿಸದೇ ಇಡ್ಬೇಕು. ಕಂದು ಬಣ್ಣದ ಸ್ಲಡ್ಜ್ (ಕೆಸರು) ಕೆಳಗೆ 250-300 ಎಂಎಲ್ ಹತ್ರ ಕೂತು ಮೇಲೆ ತಿಳಿನೀರು ನಿಂತ್ರೆ ಬ್ಯಾಕ್ಟೀರಿಯಾ ಆರೋಗ್ಯವಾಗಿವೆ. 50ಕ್ಕೆ ನಿಂತು ಮೇಲೆ ಬೂದಿ ಬಣ್ಣ ಇದ್ರೆ ರಾತ್ರಿ ಟ್ಯಾಂಕಿಗೆ ಗಾಳಿ ಊದೋ ಬ್ಲೋವರ್ ಆಫ್ ಮಾಡ್ತಿದಾರೆ ಅಂತ ನನ್ನ ಮೊದಲ ಅನುಮಾನ, ಯಾಕಂದ್ರೆ ಅಸೋಸಿಯೇಷನ್‌ನಲ್ಲಿ ಯಾರೋ ಕರೆಂಟ್ ಬಿಲ್ ಕಮ್ಮಿ ಮಾಡಿ ಅಂದಿರ್ತಾರೆ. ಲ್ಯಾಬ್ ರಿಪೋರ್ಟಲ್ಲಿ ಮಾತ್ರ ಬಿಒಡಿ (ನೀರಲ್ಲಿ ಎಷ್ಟು ಕೊಳೆ ಉಳಿದಿದೆ ಅನ್ನೋ ಅಳತೆ) ಪ್ರತಿ ತಿಂಗಳೂ ಹತ್ತರ ಒಳಗೇ.

ಬ್ಲೋವರ್ ಆಫ್ ಆದ್ರೆ ಮುಂದೇನಾಗತ್ತೆ? ಸ್ಲಡ್ಜ್ ತಳದಲ್ಲಿ ಗಟ್ಟಿಯಾಗತ್ತೆ, ಗ್ಯಾಸ್ ತುಂಬ್ಕೊಳತ್ತೆ, ಒಂದಿನ ಪಂಪ್ ಕಟ್ಕೊಳತ್ತೆ, ಆಗ ಯಾರೋ ಕಾಂಟ್ರ್ಯಾಕ್ಟ್ ಹುಡುಗನಿಗೆ ಇಳಿ ಅಂತಾರೆ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ರೆ ವಾಸ್ನೇನೇ ಗೊತ್ತಾಗಲ್ಲ, ಮೂಗು ಸತ್ತೋಗತ್ತೆ, ಇಳಿದವನು ಅಲ್ಲೇ ಕುಸೀತಾನೆ, ಎತ್ತಕ್ಕೆ ಹೋದ ಎರಡನೆಯವನೂ ಕುಸೀತಾನೆ. 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆ ಇಲ್ದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದೇ ಅಪರಾಧ, 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿಗೆ ಪರಿಹಾರನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸ್ತು. ಹೇಳಿ ಈಗ, ಆ ಬ್ಲೋವರ್ ಸ್ವಿಚ್ಚು ಪರಿಸರದ ಕಾಲಮ್ಮಿಗೆ ಬರತ್ತಾ, ಸಾಮಾಜಿಕದ್ದಕ್ಕಾ? ಎಸ್‌ಟಿಪಿ ಕೆಲ್ಸ ತಗೊಂಡ್ರೆ ನಮ್ಮ ಚೆಕ್‌ಲಿಸ್ಟಲ್ಲಿ ಗ್ಯಾಸ್ ಮೀಟರ್ ಇದ್ಯಾ, ಮ್ಯಾನ್‌ಹೋಲ್‌ಗೆ ಬೀಗ ಇದ್ಯಾ, ಬೀಗದ ಕೈ ಯಾರತ್ರ ಇದೆ ಅನ್ನೋದು ಬಿಒಡಿಗಿಂತ ಮೇಲಿರತ್ತೆ.

ಹೊಸದಾಗಿ ಸೇರೋ ಹುಡುಗ್ರಿಗೆ ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಓದ್ಕೊಂಡು ಬನ್ನಿ ಅಂತೀನಿ. 2,050 ಮೆಗಾವ್ಯಾಟ್, ಐದು ಹಳ್ಳಿ, ಸುಮಾರು 13,000 ಎಕರೆ. ಜಮೀನು ಕಿತ್ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡ್ರು, ಬರಗಾಲದಲ್ಲಿ ಬೆಂದಿದ್ದ ರೈತನಿಗೆ ಅದು ಸಣ್ಣ ದುಡ್ಡಲ್ಲ, ಮಾದರಿ ಒಳ್ಳೇದೇ. ಆದ್ರೆ ಪಹಣಿಯಲ್ಲಿ ಹೆಸ್ರಿದ್ದವನಿಗೆ ಬಾಡಿಗೆ ಬಂತು, ಆ ಹೊಲದಲ್ಲಿ ಕಳೆ ಕೀಳ್ತಿದ್ದ ಹೆಂಗಸ್ರಿಗೆ, ಕುರಿ ಮೇಯಿಸ್ತಿದ್ದೋರಿಗೆ ಬೇಲಿ ಬಂತು. ಕಾರ್ಬನ್ ಲೆಕ್ಕ ಬರೆದವನಿಗೆ ಇದು ಕಾಣೋದೇ ಇಲ್ಲ, ಅವನ ಶೀಟಲ್ಲಿ ಕುರಿಗೆ ಕಾಲಮ್ ಇಲ್ಲ.

ಈಗ ದುಡ್ಡಿನ ವಿಚಾರ, ಇದನ್ನ ಯಾರೂ ಬರೆಯಲ್ಲ. ಬಿಲ್ ಹಾಕಿದ ಮುಂದಿನ ತಿಂಗಳೇ 18% ಜಿಎಸ್‌ಟಿ ಕಟ್ಬೇಕು, ಕ್ಲೈಂಟು ದುಡ್ಡು ಕೊಟ್ಟಿರ್ಲಿ ಬಿಡ್ಲಿ. ಕೊಟ್ಟಾಗ 10% ಟಿಡಿಎಸ್ ಮುರ್ಕೊಂಡು ಕೊಡ್ತಾರೆ, ಅದು ವಾಪಸ್ ಬರೋಷ್ಟರಲ್ಲಿ ಇನ್ನೊಂದ್ ವರ್ಷ. ಹಂಗಾಗಿ ಅಡ್ವಾನ್ಸ್ 40%, ಡೇಟಾ ಕೈಗೆ ಬಂದಾಗ 30%, ಡ್ರಾಫ್ಟ್‌ಗೆ 20%, ಕಡೇಲಿ ಹತ್ತು. ಆ ಕಡೇ ಹತ್ತು ಬರ್ಲಿಲ್ಲ ಅಂದ್ರೂ ಸಂಬಳ ನಿಲ್ಲಬಾರ್ದು, ಹಂಗೆ ಲೆಕ್ಕ ಹಾಕಿರ್ತೀನಿ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದ ನೋಂದಣಿ) ಮಾಡಿಸ್ಕೊಳ್ಳಿ, ಮೊದಲನೇ ದಿನಾನೇ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡದಿದ್ರೆ ಆ ವರ್ಷ ಅದನ್ನ ಖರ್ಚು ಅಂತ ತೋರ್ಸಕ್ಕಾಗಲ್ಲ ಅಂತ ಇನ್‌ಕಮ್ ಟ್ಯಾಕ್ಸ್‌ನಲ್ಲಿ 43ಬಿ(ಎಚ್) ಬಂದ್ಮೇಲೆ, ನಾಲ್ಕು ತಿಂಗಳು ಫೋನ್ ಎತ್ತದ ಅಕೌಂಟ್ಸ್‌ನವ್ರು ಮಾರ್ಚ್ ಬಂದ್ರೆ ಅವ್ರೇ ಫೋನ್ ಮಾಡ್ತಾರೆ.

ಕೆಲವು ಕೆಲ್ಸ ತಗೊಳಲ್ಲ. ಇಐಎ (ಹೊಸ ಯೋಜನೆಯಿಂದ ಪರಿಸರಕ್ಕೆ ಏನಾಗತ್ತೆ ಅನ್ನೋ ಅಧ್ಯಯನ) ಮಾಡಲ್ಲ, ಅದಕ್ಕೆ ನಾಬೆಟ್ ಅನ್ನೋ ಸಂಸ್ಥೆಯ ಮಾನ್ಯತೆ ಬೇಕು, ನೀರು, ಗಾಳಿ, ಜೀವವೈವಿಧ್ಯ ಅಂತ ಒಂದೊಂದಕ್ಕೂ ಎಕ್ಸ್‌ಪರ್ಟ್ ಬೇಕು, ನಮ್ಮ ಸೈಜಿಗೆ ಅದು ಭಾರ. ಸಲಹೆ ಕೊಟ್ಟ ಕಂಪನಿಗೆ ನಾವೇ ಅಶ್ಯೂರೆನ್ಸ್ ಸರ್ಟಿಫಿಕೇಟ್ (ಲೆಕ್ಕ ಸರಿಯಿದೆ ಅನ್ನೋ ದೃಢೀಕರಣ) ಕೊಡಲ್ಲ, ಬಿಆರ್‌ಎಸ್‌ಆರ್ ಕೋರ್‌ಗೆ, ಅಂದ್ರೆ ಆ ರಿಪೋರ್ಟಿನ ಮುಖ್ಯ ಅಂಕಿಗಳ ಭಾಗಕ್ಕೆ, ಸೆಬಿನೂ ಹಂಗೇ ಹೇಳತ್ತೆ, ಆದ್ರೂ ಕೇಳೋರು ಕೇಳ್ತಾನೇ ಇರ್ತಾರೆ. ಇನ್ನು ಬ್ರೋಷರ್ ಮೇಲೆ "100% ಪರಿಸರ ಸ್ನೇಹಿ" ಅಂತ ಹಾಕ್ತೀವಿ, ನಿಮ್ಮ ಲೋಗೋ ಕೊಡಿ ಅನ್ನೋರು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರೀನ್‌ವಾಷಿಂಗ್ (ಪರಿಸರ ಸ್ನೇಹಿ ಅಂತ ಸುಳ್ಳು ಹೇಳ್ಕೊಳೋದು) ಬಗ್ಗೆ ಮಾರ್ಗಸೂಚಿ ತಂದಿದೆ, ಆಧಾರ ಇಲ್ದೆ ಇಂಥ ಮಾತು ಬರೆಯಂಗಿಲ್ಲ, ಅದರ ಪ್ರಿಂಟೌಟ್ ಒಂದು ಬ್ಯಾಗಲ್ಲೇ ಇಟ್ಕೊಂಡಿರ್ತೀನಿ, ಜಗಳ ಮಾಡೋದು ತಪ್ಪತ್ತೆ.

ಸದ್ಯಕ್ಕೆ ತಲೆ ತಿಂತಿರೋದು ಯುರೋಪಿನ ಸಿಬ್ಯಾಮ್, ಅಂದ್ರೆ ಆಮದು ಮಾಲಿನ ಕಾರ್ಬನ್ ಮೇಲೆ ಗಡಿಯಲ್ಲಿ ಹಾಕೋ ಸುಂಕ. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಕೊಡಿ ಅಂತಿದ್ರು, 2026ರ ಜನವರಿಯಿಂದ ಅಲ್ಲಿ ಆಮದು ಮಾಡ್ಕೊಳೋರು ಕಾರ್ಬನ್‌ಗೆ ದುಡ್ಡು ಕಟ್ಟೋ ವ್ಯವಸ್ಥೆ. ಸ್ಟೀಲ್ ಗಟ್ಟಿ ಮಾತ್ರ ಅಲ್ಲ, ನಟ್ಟು ಬೋಲ್ಟೂ ಅದರಲ್ಲಿ ಬರತ್ತೆ. ಬೋಲ್ಟ್ ಮಾಡೋ ಶೆಡ್ಡಿನವ್ನು ತನ್ನ ಕರೆಂಟ್ ಲೆಕ್ಕ ಕೊಡಬಲ್ಲ, ಆದ್ರೆ ಕಾರ್ಬನ್ ಹೊರೆ ಬಹುಪಾಲು ಇರೋದು ಅವನು ತಗೊಂಡ ವೈರ್ ರಾಡಲ್ಲಿ (ಬೋಲ್ಟ್ ಮಾಡೋ ಸ್ಟೀಲ್ ಸರಳು), ಆ ಮಿಲ್ಲಿನವ್ರು ಇವನ ಮೇಲ್‌ಗೆ ಉತ್ತರ ಕೊಡಲ್ಲ. ಒಬ್ಬೊಬ್ರೇ ಕೇಳಿದ್ರೆ ಆಗಲ್ಲ ಅಂತ ಒಂದೇ ಡೀಲರ್ ಹತ್ರ ರಾಡ್ ತಗೊಳೋ ನಾಕೈದು ಯೂನಿಟ್‌ಗಳನ್ನ ಒಟ್ಟಿಗೆ ಕೂರಿಸಿ, ಡೀಲರ್ ಮೂಲಕ ಮಿಲ್ಲಿಗೆ ಒಂದೇ ಪತ್ರ ಬರೆಸಿದೀವಿ, ಫೀಸು ಹಂಚ್ಕೊಳ್ಳಿ ಅಂದಿದೀವಿ. ಎರಡು ಯೂನಿಟ್‌ನವ್ರು ಅಡ್ವಾನ್ಸ್ ಕೊಟ್ಟಿದಾರೆ, ಉಳಿದೋರು ಮಿಲ್ಲಿಂದ ಉತ್ತರ ಬಂದ್ಮೇಲೆ ನೋಡಣ ಅಂತಿದಾರೆ.