ಎಕ್ಕದ ಜೋಡಿಯನ್ನೂ ಎಸೆಯಬೇಕಾದ ಆಟ: ಪೋಕರ್ ಅರ್ಹತಾ ಪಂದ್ಯದಲ್ಲಿ ಸೀಟು ಹಿಡಿಯುವುದು ಹೇಗೆ?

ಪುಣೆಯ ನಮ್ಮ ಗುಂಪಿನ ಗೆಳೆಯನೊಬ್ಬ ಪಣಜಿಯಿಂದ ವಾಪಸ್ ಬರುವಾಗ ಕೊಲ್ಹಾಪುರದವರೆಗೂ ಬಾಯಿ ಬಿಡಲಿಲ್ಲ. ಅವನಿಗೆ ಕೆಟ್ಟ ಎಲೆ ಬಂದಿರಲಿಲ್ಲ. ಎರಡು ರಾಜ ಬಂದಿದ್ದವು. ಅವನು ಹಾಳಾಗಿದ್ದು ಅದರಿಂದಲೇ.

ಅವನು ಆಡಿದ್ದು ಪೋಕರ್ ಅನ್ನುವ ಇಸ್ಪೀಟಾಟದ ಅರ್ಹತಾ ಪಂದ್ಯ. ಆಟಗಾರರ ಬಾಯಲ್ಲಿ ‘ಸ್ಯಾಟಲೈಟ್’. ಇಲ್ಲಿ ಗೆದ್ದವರಿಗೆ ದುಡ್ಡು ಸಿಗಲ್ಲ, ದೊಡ್ಡ ಪಂದ್ಯದ ಸೀಟು ಸಿಗುತ್ತದೆ. ಅವತ್ತು ದೊಡ್ಡ ಪಂದ್ಯಕ್ಕೆ 50,000 ರೂಪಾಯಿ, ಅರ್ಹತಾ ಪಂದ್ಯಕ್ಕೆ 5,500. ಅದರಲ್ಲಿ 500 ಕ್ಯಾಸಿನೊದ ಪಾಲು. ಬಂದವರು 60 ಮಂದಿ. 60 ಸಲ 5,000 ಅಂದರೆ 3 ಲಕ್ಷ, ಅಂದರೆ 6 ಸೀಟು. ನಮ್ಮವನು 7ನೆಯವನಾಗಿ ಎದ್ದು ಬಂದ.

ಕಡಿಮೆ ದುಡ್ಡಿಂದ ದೊಡ್ಡ ಮೇಜಿಗೆ ಹೋಗುವ ಈ ದಾರಿಯನ್ನು ಜಗತ್ತಿಗೆ ತೋರಿಸಿದವನು ಅಮೆರಿಕದ ಟೆನೆಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್. 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಶುರುಮಾಡಿ, 10,000 ಡಾಲರ್ ಪ್ರವೇಶ ಶುಲ್ಕದ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ ಕೂತ. 2003ರಲ್ಲಿ 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಎಣಿಸಿದ. ಹೆಸರೇ ಮನಿಮೇಕರ್, ನಿಜವಾದ ಹೆಸರು!

ನಮ್ಮಲ್ಲಿ ಮಾತ್ರ ಆನ್‌ಲೈನ್ ದಾರಿ ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ‘ಅರ್ಹತಾ ಪಂದ್ಯ, ಈ ಲಿಂಕ್ ಒತ್ತಿ’ ಅಂತ ಯಾರಾದರೂ ಮೆಸೇಜು ಕಳಿಸಿದರೆ ಅಳಿಸಿ ಹಾಕಿ. ‘ಗೆಲ್ಲುವ ಚಾರ್ಟು’ ಅಂತ ಮಾರುವ ಪಿಡಿಎಫ್‌ಗೂ ಅದೇ ಗತಿ ಕಾಣಿಸಿ. ಮಹಾರಾಷ್ಟ್ರದಲ್ಲಿ ಕ್ಯಾಸಿನೊ ಇಲ್ಲ. ಹಾಗಾಗಿ ಮುಂಬೈ, ಪುಣೆಯವರೆಲ್ಲ ಗೋವಾ ಬಸ್ಸು ಹತ್ತುತ್ತಾರೆ.

ಮೊದಲು ಕಾಗದಪತ್ರ. 21 ತುಂಬಿರಬೇಕು. ಫೋಟೊ ಇರುವ ಗುರುತಿನ ಚೀಟಿ, ಪ್ಯಾನ್ ಕಾರ್ಡ್ ಎರಡೂ ಇರಲಿ. ಗೋವಾದವರಿಗೆ 2020ರಿಂದ ಕ್ಯಾಸಿನೊ ಒಳಗೆ ಪ್ರವೇಶವಿಲ್ಲ. ವಾಸ್ಕೊದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಭಾವನವರು ‘ನಾನು ಗದಗಿನವನು ಮಾರಾಯ’ ಅಂದರೂ ಆಧಾರ್ ವಿಳಾಸ ನೋಡಿ, ಕ್ಯಾಸಿನೊ ಹಡಗಿಗೆ ದೋಣಿ ಹತ್ತುವ ಜೆಟ್ಟಿಯಲ್ಲೇ ನಿಲ್ಲಿಸಿದರು.

ಆಮೇಲೆ ಪಂದ್ಯ ಆರಿಸುವುದು. ಕೌಂಟರಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ‘ಎಷ್ಟು ಸೀಟು ಗ್ಯಾರಂಟಿ?’ 6 ಸೀಟು ಗ್ಯಾರಂಟಿ ಅಂದು 45 ಜನ ಮಾತ್ರ ಬಂದರೆ ಸೇರುವುದು 2.25 ಲಕ್ಷ. ಉಳಿದ 75,000 ಕ್ಯಾಸಿನೊ ಕೈಯಿಂದ ಹೋಗುತ್ತದೆ. ಇಂಥ ಪಂದ್ಯ ಸಿಕ್ಕರೆ ಬಿಡಬೇಡಿ. ಗೆದ್ದ ಸೀಟನ್ನು ಬೇರೆ ದಿನಕ್ಕೆ ಬಳಸಬಹುದಾ, ತೆರಿಗೆ ಯಾವಾಗ ಕಟ್ಟಬೇಕು ಅಂತಲೂ ಕೇಳಿ. ಇಸ್ಪೀಟಿನ ಗೆಲುವಿಗೆ ಶೇ 30 ತೆರಿಗೆ ಇದೆ. ಬಹುಮಾನ ಸೀಟಿನ ರೂಪದಲ್ಲಿದ್ದರೆ ಅದು ಕೈಗೆ ಬರುವ ಮುಂಚೆಯೇ ತೆರಿಗೆ ಕೇಳಬಹುದು.

ಸೋತರೆ ಮತ್ತೆ ದುಡ್ಡು ಕಟ್ಟಿ ಕೂರುವ ರಿ-ಎಂಟ್ರಿ ಬೇಡವೇ ಬೇಡ. ಮೂರು ಸಲ ಕಟ್ಟಿದರೆ 16,500 ಆಯಿತು. ಅಗ್ಗದ ದಾರಿ ಅಂತ ಬಂದಿದ್ದು ಯಾಕೆ ಹಾಗಾದರೆ? ಒಂದೇ ಸಲ, ಅದೂ ಕಳೆದುಕೊಂಡರೆ ಮನೆ ಖರ್ಚಿಗೆ ತೊಂದರೆ ಆಗದ ದುಡ್ಡಲ್ಲಿ.

ಮೊದಲ ಎರಡು ಮೂರು ಗಂಟೆ ಮಾಮೂಲಿ ಪಂದ್ಯದ ಹಾಗೇ ಆಡಿ. ಹೇಳುವಂಥದ್ದೇನೂ ಇಲ್ಲ.

ಎಡವಟ್ಟಾಗುವುದು ಕೊನೆಯಲ್ಲಿ. 6 ಸೀಟಿಗೆ 7 ಜನ ಉಳಿದಾಗ, ಅಂದರೆ ಇನ್ನೊಬ್ಬ ಹೊರಬಿದ್ದರೆ ಉಳಿದವರಿಗೆಲ್ಲ ಸೀಟು ಅನ್ನುವಾಗ. ಇದಕ್ಕೆ ‘ಬಬಲ್’ ಅಂತಾರೆ. ಗೆಳೆಯನ ಮೇಜನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಶುರುವಿನಲ್ಲಿ ಆಡಲು ಕೊಟ್ಟಿದ್ದು 10,000 ಬಿಲ್ಲೆ (ಚಿಪ್ಸ್), ಅಂದರೆ ಒಟ್ಟು 6 ಲಕ್ಷ. ಆ ಹೊತ್ತಿಗೆ ಒಬ್ಬನ ಹತ್ತಿರ 1.5 ಲಕ್ಷ, ನಮ್ಮವನ ಹತ್ತಿರ 1.2 ಲಕ್ಷ. ಉಳಿದವರಲ್ಲಿ 1.1 ಲಕ್ಷ, 1 ಲಕ್ಷ, 85,000. ಕೊನೆಯ ಇಬ್ಬರ ಹತ್ತಿರ 20,000 ಮತ್ತು 15,000.

ಎಲೆ ನೋಡುವ ಮೊದಲೇ ಸರದಿಯಲ್ಲಿ ಇಬ್ಬರು ಬಿಲ್ಲೆ ಇಡಲೇಬೇಕು, ಅದೇ ಬ್ಲೈಂಡ್. ಆಗ ಅದು 5,000 ಮತ್ತು 10,000. ಒಂದು ಸುತ್ತಿಗೆ 15,000 ಖರ್ಚು. ಬ್ಲೈಂಡ್ ಏರದಿದ್ದರೆ ನಮ್ಮವನು ಎಲೆಯನ್ನೇ ನೋಡದೆ 8 ಸುತ್ತು ಕೂರಬಹುದಿತ್ತು. ಕೊನೆಯ ಇಬ್ಬರು ಒಂದು ಸುತ್ತು ದಾಟುವುದೇ ಕಷ್ಟ. ಅಂದರೆ ಅವನು ಸುಮ್ನೆ ಕೂತಿದ್ದರೆ ಸಾಕಿತ್ತು.

ಅಷ್ಟರಲ್ಲಿ 1.5 ಲಕ್ಷದವನು ‘ಆಲ್ ಇನ್’ ಅಂದ, ಅಂದರೆ ಇದ್ದ ಬಿಲ್ಲೆಯನ್ನೆಲ್ಲ ಪಣಕ್ಕಿಟ್ಟ. ನಮ್ಮವನು ಎರಡು ರಾಜ ನೋಡಿ ಎದೆಯುಬ್ಬಿಸಿ ‘ಕಾಲ್’ ಅಂದ, ಅಂದರೆ ತನ್ನದನ್ನೂ ಪೂರ್ತಿ ಪಣಕ್ಕಿಟ್ಟ.

ರಾಜ ಬಿಡಿ, ಎರಡು ಎಕ್ಕ ಬಂದಿದ್ದರೂ ಎಸೆಯಬೇಕಿತ್ತು. ಎದುರಿಗೆ ಯಾವ ಎಲೆ ಇದ್ದರೂ ಇರಲಿ ಅಂದುಕೊಂಡರೆ ಎಕ್ಕದ ಜೋಡಿ 100ಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಉಳಿದ 15 ಸಲ ನೀವು ಮನೆಗೆ. ಎಸೆದರೆ? ಸೀಟು ಹೆಚ್ಚುಕಡಿಮೆ ಕೈಯಲ್ಲೇ ಇದೆ. ಆ 85 ಸಲ ಗೆದ್ದರೂ ಜಾಸ್ತಿ ಸಿಗುವುದೇನು? ಅದೇ ಒಂದು ಸೀಟು. 2.4 ಲಕ್ಷ ಬಿಲ್ಲೆ ಇದ್ದವನಿಗೂ 500 ಇದ್ದವನಿಗೂ ಕೊಡುವುದು ಅದೇ ಚೀಟಿ. ಮಾಮೂಲಿ ಪಂದ್ಯದಲ್ಲಿ ಮೊದಲ ಸ್ಥಾನಕ್ಕೆ ಜಾಸ್ತಿ ದುಡ್ಡು ಇರುತ್ತದೆ, ಅಲ್ಲಿ ರಾಜ ಬಂದರೆ ನುಗ್ಗಲೇಬೇಕು. ಆ ಚಟ ಇಲ್ಲಿಗೂ ಬರುತ್ತದೆ, ಅದೇ ತೊಂದರೆ.

ಆದರೆ 15,000ದವನು ಆಲ್ ಇನ್ ಅಂದರೆ ಮಾತು ಬೇರೆ. ಸೋತರೂ ನಿಮ್ಮ ಹತ್ತಿರ 1.05 ಲಕ್ಷ ಉಳಿಯುತ್ತದೆ, ಗೆದ್ದರೆ ಆಟವೇ ಮುಗಿಯಿತು. ಒಳ್ಳೆಯ ಎಲೆ ಇದ್ದರೆ ಕಾಲ್ ಮಾಡಿ. ಹೆದರಬೇಕಾದ್ದು ನಿಮ್ಮನ್ನು ಹೊರಹಾಕಬಲ್ಲವನಿಗೆ ಮಾತ್ರ.

ನೀವೇ 15,000ದವರಾಗಿದ್ದರೆ ಈ ಲೆಕ್ಕ ತಲೆಕೆಳಗು. ಎಸೆಯುತ್ತ ಕೂತರೆ ಬ್ಲೈಂಡೇ ನುಂಗಿಬಿಡುತ್ತದೆ. ಎಕ್ಕವೋ, ಚಿಕ್ಕ ಜೋಡಿಯೋ, ಬಂದದ್ದರಲ್ಲಿ ನುಗ್ಗಿ. ಬ್ಲೈಂಡ್ ಬಿಟ್ಟರೆ ನಿಮಗಿಂತ ಮೊದಲು ಯಾರೂ ಬಿಲ್ಲೆ ಇಟ್ಟಿರಬಾರದು, ಅಷ್ಟೇ.

ಒಂದು ಸುಲಭ ಅಳತೆ ಇದೆ. ಒಟ್ಟು ಬಿಲ್ಲೆಯನ್ನು ಸೀಟಿನಿಂದ ಭಾಗಿಸಿ. ಇಲ್ಲಿ 1 ಲಕ್ಷ. ಕೊನೆಯ ಹೊತ್ತಿಗೆ ಅಷ್ಟು ಕೂಡಿದ್ದರೆ ಕೈ ಕಟ್ಟಿ ಕೂರಿ. ನಾನಂತೂ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಳ್ಳುತ್ತೇನೆ.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಭಾನುವಾರ ಏಳು ಜನ ಸೇರಿ, ಮೇಲಿನ ಲೆಕ್ಕದ ಹಾಗೇ ಹುಣಸೆ ಬೀಜ ಹಂಚಿ, ದುಡ್ಡಿಲ್ಲದೆ ಬರೀ ಆ ಕೊನೆಯ ಘಟ್ಟ ಆಡಿ. ಹೊರಬಿದ್ದವನು ಪಾತ್ರೆ ತೊಳೆಯಲಿ.

ಸೀಟು ಸಿಕ್ಕಿತಾ? ಚೀಟಿ ಜೇಬಿಗೆ ಹಾಕಿ ಮುಂದಿನ ದೋಣಿಯಲ್ಲೇ ದಡಕ್ಕೆ ಬನ್ನಿ. ಹಡಗಲ್ಲಿ ಉಳಿದರೆ ‘ಸ್ವಲ್ಪ ಅಂದರ್ ಬಾಹರ್ ನೋಡೋಣ’ ಅನ್ನಿಸುತ್ತದೆ. ಪಣಜಿಯಲ್ಲಿ ಗಾಡಿ ಹುಡುಕಿ ಬಿಸಿ ರೋಸ್ ಆಮ್ಲೆಟ್ (ಮಸಾಲೆ ಸಾರು ಸುರಿದ ಆಮ್ಲೆಟ್) ತಿಂದು ಮಲಗಿ.