ನೋವಾದರೆ ‘ಜೆಪ್’ ಎನ್ನಿ: ಥಾಯ್ ಮಸಾಜ್ ಮಾಡಿಸಿಕೊಳ್ಳುವುದು ಹೇಗೆ?

ಬ್ಯಾಂಕಾಕಿನ ಒಂದು ಗಲ್ಲಿಯಲ್ಲಿ ಮೊದಲ ಸಲ ಥಾಯ್ ಮಸಾಜ್ ಮಾಡಿಸಿಕೊಂಡಾಗ ನಾನು ಒಂದು ಗಂಟೆ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ನನಗಿಂತ ಒಂದು ಗೇಣು ಗಿಡ್ಡವಾಗಿದ್ದ ಹೆಂಗಸು ತನ್ನ ಮೊಣಕೈಯನ್ನು ನನ್ನ ಹೆಗಲ ಮೂಳೆಯ ಸಂದಿಗೆ ಇಳಿಸಿದಾಗ ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಬಿಡಲಿಲ್ಲ. ದುಡ್ಡು ಕೊಟ್ಟಾಗಿದೆ, ನೋವಾದರೆ ತಾನೇ ಗುಣ ಎಂಬ ನಂಬಿಕೆ ಒಂದು ಕಡೆ. ಅಷ್ಟು ಸಣ್ಣ ಆಳಿನ ಮುಂದೆ ‘ಅಮ್ಮಾ’ ಎನ್ನುವುದು ಹೇಗೆ ಎಂಬ ಬಿಂಕ ಇನ್ನೊಂದು ಕಡೆ. ಮರುದಿನ ಬೆನ್ನ ಮೇಲೆ ನೇರಳೆ ಹಣ್ಣಿನ ಬಣ್ಣದ ಮೂರು ಕಲೆಗಳು ಎದ್ದಿದ್ದವು. ಮಾಯಲು ಒಂದು ವಾರ ಹಿಡಿಯಿತು. ಆಕೆಗೆ ನನ್ನ ಬೆನ್ನಿನ ಒಳಗು ಕಾಣುವುದಿಲ್ಲ. ಹೇಳಬೇಕಾದವನು ನಾನು, ಹೇಳಲಿಲ್ಲ.

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ರಜೆಗೆಂದು ಹೋಗುವವರ ಪಟ್ಟಿಯಲ್ಲಿ ದೇವಾಲಯ, ಅಂಗಡಿ ಬೀದಿಗಳ ಜೊತೆ ಮಸಾಜ್ ಕೂಡ ಇದ್ದೇ ಇರುತ್ತದೆ. ಅಷ್ಟು ದೂರ ಹೋಗದವರಿಗೆ ನಮ್ಮ ಊರುಗಳಲ್ಲೇ ‘ಥಾಯ್ ಸ್ಪಾ’ ಬೋರ್ಡುಗಳು ಬಂದಿವೆ. ಎಲ್ಲಿ ಮಾಡಿಸಿಕೊಂಡರೂ ಕ್ರಮ ಒಂದೇ.

ಎಣ್ಣೆಯಿಲ್ಲದ ಮಸಾಜ್

ನಮಗೆ ಮೈ ನೀವುವುದು ಎಂದರೆ ಎಣ್ಣೆ. ದೀಪಾವಳಿಯ ಅಭ್ಯಂಜನವಿರಲಿ, ಬಾಣಂತಿಯ ಆರೈಕೆಯಿರಲಿ, ಎಣ್ಣೆ ಬಟ್ಟಲು ಮೊದಲು ಬರುತ್ತದೆ. ಸಾಂಪ್ರದಾಯಿಕ ಥಾಯ್ ಮಸಾಜ್‌ನಲ್ಲಿ ಎಣ್ಣೆಯ ಹನಿಯೂ ಇರುವುದಿಲ್ಲ, ಬಟ್ಟೆಯನ್ನು ಕಳಚಬೇಕಾಗಿಯೂ ಇಲ್ಲ. ಅಂಗಡಿಯವರೇ ಕೊಡುವ ಸಡಿಲವಾದ ಅಂಗಿ, ಪೈಜಾಮ ತೊಟ್ಟು ನೆಲದ ಮೇಲಿನ ಹಾಸಿಗೆಯಲ್ಲಿ ಮಲಗಬೇಕು. ಮಾಡುವವರು ಹೆಬ್ಬೆರಳು, ಅಂಗೈ, ಮೊಣಕೈ, ಮೊಣಕಾಲು, ಕೆಲವೊಮ್ಮೆ ಪಾದದಿಂದಲೂ ಒತ್ತುತ್ತಾರೆ. ಕೈಕಾಲು ಹಿಡಿದು ಎಳೆಯುತ್ತಾರೆ, ಮಡಚುತ್ತಾರೆ, ತಿರುಚುತ್ತಾರೆ. ಯೋಗಾಸನವನ್ನು ಬೇರೆಯವರು ನಮ್ಮಿಂದ ಮಾಡಿಸಿದ ಹಾಗೆ.

ಥಾಯ್ ಭಾಷೆಯಲ್ಲಿ ಇದು ‘ನುವಾದ್ ಥಾಯ್’. 2019ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಹದಲ್ಲಿ 72,000 ‘ಸೆನ್’ ಎಂಬ ಹಾದಿಗಳಿವೆ, ಅವುಗಳಲ್ಲಿ ಹತ್ತು ಮುಖ್ಯ, ಅವುಗಳಲ್ಲಿ ಗಾಳಿ ಸರಾಗವಾಗಿ ಓಡಾಡಬೇಕು ಎಂಬುದು ಇದರ ಸಿದ್ಧಾಂತ. ಮೊದಲ ಮೂರರ ಹೆಸರು ಇತ್ಥಾ, ಪಿಂಗ್‌ಖಲಾ, ಸುಮನಾ. ನಮ್ಮ ಯೋಗಶಾಸ್ತ್ರದ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳು ಎಲ್ಲಿಯವರೆಗೆ ಪ್ರಯಾಣ ಮಾಡಿವೆ ನೋಡಿ. ಬ್ಯಾಂಕಾಕಿನ ವಾಟ್ ಪೋ ದೇವಾಲಯದಲ್ಲಿ ಮೂರನೆಯ ರಾಮ ಎಂಬ ದೊರೆ 1830ರ ದಶಕದಲ್ಲಿ ಕಲ್ಲಿನ ಫಲಕಗಳ ಮೇಲೆ ಒತ್ತುವ ಬಿಂದುಗಳ ಚಿತ್ರಗಳನ್ನು ಕೆತ್ತಿಸಿದ. ಅವು ಇಂದಿಗೂ ಅಲ್ಲಿವೆ. ಅದೇ ಆವರಣದಲ್ಲಿ ಅಂಗಸಾಧನೆ ಮಾಡುತ್ತಿರುವ ಋಷಿಗಳ ಪುಟ್ಟ ವಿಗ್ರಹಗಳಿವೆ. ಮೈಯನ್ನು ಸೊಟ್ಟಗೆ ತಿರುಚಿಕೊಂಡ ಅವರ ಮುಖಭಾವ ನೋಡಿದರೆ ನನ್ನ ಮೊದಲ ಅನುಭವ ಒಬ್ಬಂಟಿಯದಲ್ಲ ಎನ್ನಿಸುತ್ತದೆ.

ಈ ವಿದ್ಯೆಯ ಆದಿಗುರು ಬುದ್ಧನ ವೈದ್ಯನಾಗಿದ್ದ ಜೀವಕ ಎಂದು ಥಾಯ್ಲೆಂಡಿನವರು ನಂಬುತ್ತಾರೆ. ಕೆಲಸ ಶುರುವಾಗುವ ಮೊದಲು ಹಿರಿಯರು ಕೈಮುಗಿದು ‘ಓಂ ನಮೋ ಶಿವಾಗೋ’ ಎಂದು ಗೊಣಗುವುದು ಆತನಿಗೇ. ಪಾಳಿ ಗ್ರಂಥಗಳ ಜೀವಕ ಮದ್ದು ಕೊಟ್ಟ, ಶಸ್ತ್ರಚಿಕಿತ್ಸೆ ಮಾಡಿದ. ಮಸಾಜ್ ಕಂಡುಹಿಡಿದ ಮಾತು ಅಲ್ಲಿಲ್ಲ. ಗುರುಪರಂಪರೆಯನ್ನು ಗೌರವಿಸೋಣ, ಇತಿಹಾಸವೆಂದು ಹೇಳುವುದು ಬೇಡ.

ಏನು ಸಿಗುತ್ತದೆ?

ಸೊಂಟ, ಕುತ್ತಿಗೆ, ಹೆಗಲಿನ ಸ್ನಾಯುಗಳು ಬಿಗಿದು ಬರುವ ನೋವು ಇಳಿಯಬಹುದು. ಕೀಲುಗಳು ಸ್ವಲ್ಪ ಸಡಿಲವಾಗುತ್ತವೆ. ಮನಸ್ಸು ಹಗುರಾಗುತ್ತದೆ, ಆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಇದೇನು ಸಣ್ಣ ಲಾಭವಲ್ಲ.

ಆದರೆ ಈ ಲಾಭ ಎಷ್ಟು ದಿನ ಉಳಿಯುತ್ತದೆ? ಸೊಂಟನೋವಿಗೆ ಮಸಾಜ್ ಕುರಿತು ನಡೆದ 25 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕೋಕ್ರೇನ್ ಎಂಬ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಸಂಸ್ಥೆಯ 2015ರ ವರದಿಯ ತೀರ್ಮಾನ, ಸ್ವಲ್ಪ ಕಾಲದ ಮಟ್ಟಿಗೆ ನೋವು ಕಡಿಮೆಯಾಗಬಹುದು, ಪುರಾವೆ ಮಾತ್ರ ಗಟ್ಟಿಯಿಲ್ಲ ಎಂಬುದು. ಥಾಯ್ ಪದ್ಧತಿಯನ್ನೂ ಎಣ್ಣೆ ಹಚ್ಚುವ ಸ್ವೀಡಿಷ್ ಪದ್ಧತಿಯನ್ನೂ ಎದುರುಬದುರು ಇಟ್ಟು ನೋಡಿದಾಗ ಎರಡರಲ್ಲೂ ನೋವು ಇಳಿದಿತ್ತು. ಹಾಗಾಗಿ ಸೆನ್ ರೇಖೆಗಳೇ ಪವಾಡ ಮಾಡುತ್ತವೆ ಎನ್ನಲು ಆಧಾರ ಸಾಲದು. ‘ದೇಹದ ವಿಷ ಹೊರಹಾಕುತ್ತದೆ’ ಎಂಬ ಫಲಕ ಕಂಡರೆ ನಕ್ಕು ಮುಂದೆ ಹೋಗಿ. ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ವಾಸಿ ಮಾಡುತ್ತೇವೆ ಎನ್ನುವವರ ಕೈಗೆ ಮೈ ಕೊಡಲೇಬೇಡಿ.

ಮೊದಲ ಹೆಜ್ಜೆ ಮನೆಯಲ್ಲೇ

ಅಪಾಯದ ಬಹುಪಾಲು ಮಸಾಜ್‌ನಲ್ಲಿ ಇರುವುದಿಲ್ಲ, ನಾವು ಹೊತ್ತುಕೊಂಡು ಹೋಗುವ ದೇಹದಲ್ಲಿ ಇರುತ್ತದೆ. ಆದ್ದರಿಂದ ನಿಮ್ಮ ಔಷಧಿ ಡಬ್ಬಿಯನ್ನು ಒಮ್ಮೆ ನೋಡಿಕೊಳ್ಳಿ. ವಾರ್ಫರಿನ್, ಅಪಿಕ್ಸಬಾನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದರೆ, ಬೇರೆಯವರಿಗೆ ಕಲೆ ಬೀಳುವ ಒತ್ತಡ ನಿಮಗೆ ಒಳಗೇ ರಕ್ತ ಸುರಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅನೇಕರು ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ‘ನನಗೇನೂ ಕಾಯಿಲೆಯಿಲ್ಲ, ಒಂದು ಸ್ಟೆಂಟ್ ಇದೆ ಅಷ್ಟೇ’ ಎನ್ನುವ ಮಾವಂದಿರು ಎಲ್ಲ ಮನೆಯಲ್ಲೂ ಇದ್ದಾರೆ.

ಮೂಳೆ ಟೊಳ್ಳಾಗಿ ಬಲ ಕಳೆದುಕೊಂಡವರು, ಅದರಲ್ಲೂ ಮುಟ್ಟು ನಿಂತ ನಂತರದ ಹೆಂಗಸರು, ಬಹಳ ವರ್ಷ ಸ್ಟೀರಾಯ್ಡ್ ತೆಗೆದುಕೊಂಡವರು ಬೆನ್ನ ಮೇಲೆ ಮೊಣಕಾಲು ಊರಲು ಬಿಡಬಾರದು. ಪಕ್ಕೆಲುಬು ಮುರಿಯಲು ಅಷ್ಟು ಭಾರ ಸಾಕು. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರಿಗೆ ಕಾಲು ಮಡಚಿ ತಿರುಚುವ ಭಂಗಿಗಳು ಬೇಡ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಜ್ವರ ಇರುವವರು, ಚರ್ಮದ ಸೋಂಕು ಇರುವವರು ಗುಣವಾಗುವವರೆಗೆ ಕಾಯಬೇಕು. ರಕ್ತದೊತ್ತಡ ಹತೋಟಿಗೆ ಬಾರದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು. ಗರ್ಭಿಣಿಯರಿಗೆ ಸಾಮಾನ್ಯ ಥಾಯ್ ಮಸಾಜ್ ಸಲ್ಲದು. ವೈದ್ಯರು ಒಪ್ಪಿದರೂ ಅದಕ್ಕೆಂದೇ ತರಬೇತಾದವರು ಬೇಕು.

ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ ಇರಬಹುದು. ಪಾದದ ಮಸಾಜ್‌ನಲ್ಲಿ ಬಳಸುವ ಮರದ ಕಡ್ಡಿ ಚುಚ್ಚಿದ್ದು, ಗಿಡಮೂಲಿಕೆ ಗಂಟಿನ ಶಾಖ ಸುಟ್ಟಿದ್ದು ಗೊತ್ತೇ ಆಗದೆ ಗಾಯವಾಗುತ್ತದೆ. ಈ ಗಂಟನ್ನು ‘ಲುಕ್ ಪ್ರಕೋಬ್’ ಎನ್ನುತ್ತಾರೆ. ಶುಂಠಿ ಜಾತಿಯ ಪ್ಲಾಯ್, ಅರಿಶಿನ, ಮಜ್ಜಿಗೆ ಹುಲ್ಲು, ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಹಬೆಯಲ್ಲಿ ಬಿಸಿ ಮಾಡಿ ಮೈಗೆ ಒತ್ತುತ್ತಾರೆ. ಆರೋಗ್ಯವಂತರಿಗೆ ಇಡೀ ಮಸಾಜ್‌ನಲ್ಲಿ ಹಿತವೆನಿಸುವ ಭಾಗ ನನ್ನ ಪ್ರಕಾರ ಇದೇ.

ದೂರದ ವಿಮಾನ ಪ್ರಯಾಣ ಮಾಡಿ ಇಳಿದವರಿಗೆ ಇನ್ನೊಂದು ಮಾತು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಅದು ಕೂತು ಜಡ್ಡುಗಟ್ಟಿದ್ದು ಎಂದು ಒತ್ತಿಸಿಕೊಳ್ಳಬೇಡಿ. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಒತ್ತಿದರೆ ಆ ಗರಣೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮೊದಲು ಆಸ್ಪತ್ರೆ.

ಅಂಗಡಿಯನ್ನು ಆರಿಸುವಾಗ

ಥಾಯ್ಲೆಂಡಿನಲ್ಲಿ 2016ರ ಕಾಯ್ದೆಯ ಪ್ರಕಾರ ಮಸಾಜ್ ಅಂಗಡಿಗೆ ಪರವಾನಗಿ ಇರಬೇಕು, ಕೆಲಸ ಮಾಡುವವರ ನೋಂದಣಿ ಆಗಿರಬೇಕು. ಪರವಾನಗಿ ಪತ್ರವನ್ನು ಗೋಡೆಗೆ ತೂಗುಹಾಕಿರುತ್ತಾರೆ, ಕಣ್ಣಾಡಿಸಿ. ವಾಟ್ ಪೋ ದೇವಾಲಯದ ಶಾಲೆ 1955ರಿಂದ ಕಲಿಸುತ್ತಿದೆ, ಅಲ್ಲಿಯೇ ಮಾಡಿಸಿಕೊಳ್ಳಲೂಬಹುದು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಮಹಿಳಾ ಕಾರಾಗೃಹದ ಕೈದಿಗಳು ಬಿಡುಗಡೆಯ ನಂತರ ಬದುಕು ಕಟ್ಟಿಕೊಳ್ಳಲೆಂದು ಅವರಿಗೆ ಮಸಾಜ್ ಕಲಿಸುವ ಕೇಂದ್ರವಿದೆ. ದೃಷ್ಟಿಹೀನರು ನಡೆಸುವ ಅಂಗಡಿಗಳೂ ಇವೆ.

ನಮ್ಮೂರಿನಲ್ಲಾದರೆ ನೀವೇ ವಿಚಾರಿಸಬೇಕು. ಎಲ್ಲಿ ಕಲಿತಿರಿ, ಎಷ್ಟು ಗಂಟೆಯ ತರಬೇತಿ, ಎಷ್ಟು ವರ್ಷದ ಅನುಭವ ಎಂದು ಕೇಳಿದರೆ ಕಲಿತವರು ಬೇಸರ ಮಾಡಿಕೊಳ್ಳುವುದಿಲ್ಲ. ‘ಥಾಯ್’ ಎಂದು ಬೋರ್ಡು ಹಾಕಿ ಎಣ್ಣೆ ಬಾಟಲಿ ತೆಗೆದರೆ ಅದು ಬೇರೆ ಮಸಾಜ್. ಕಾಯಿಲೆಯ ಬಗ್ಗೆ ಒಂದೂ ಪ್ರಶ್ನೆ ಕೇಳದೆ ನೇರ ಹಾಸಿಗೆಗೆ ಕರೆದೊಯ್ಯುವ ಜಾಗದಿಂದ ನಾನು ಎದ್ದು ಬರುತ್ತೇನೆ.

ಮಲಗುವ ಮೊದಲು

ಊಟವಾಗಿ ಎರಡು ಗಂಟೆ ಕಳೆದಿರಲಿ. ಕುಡಿದು ಹೋಗಬೇಡಿ, ನೋವು ಗೊತ್ತಾಗುವುದಿಲ್ಲ. ಚಪ್ಪಲಿ ಹೊರಗೆ ಬಿಡಿ. ಬಹುತೇಕ ಕಡೆ ಅವರೇ ನಿಮ್ಮ ಪಾದ ತೊಳೆಯುತ್ತಾರೆ, ಸಂಕೋಚ ಬೇಡ.

ನಂತರ ನಾಲ್ಕು ಪದ ಕಲಿತುಕೊಳ್ಳಿ. ನೋವಾಗುತ್ತಿದೆ ಎನ್ನಲು ‘ಜೆಪ್’. ಮೆಲ್ಲಗೆ ಎನ್ನಲು ‘ಬಾವ್ ಬಾವ್’. ಭಾವನನ್ನು ಕೂಗಿ ಕರೆದಂತೆ ಕೇಳಿಸುವುದರಿಂದ ನಮಗೆ ಮರೆಯುವುದಿಲ್ಲ. ಬಲವಾಗಿ ಎನ್ನಲು ‘ನಕ್’. ಬೇಡ ಎನ್ನಲು ‘ಮಾಯ್ ಆವ್’. ಕೊನೆಗೆ ಗಂಡಸರು ‘ಖ್ರಪ್’ ಎಂದೂ ಹೆಂಗಸರು ‘ಖಾ’ ಎಂದೂ ಸೇರಿಸಿದರೆ ಮರ್ಯಾದೆಯ ಮಾತಾಗುತ್ತದೆ. ಹಳೆಯ ಗಾಯ, ನೋವಿನ ಜಾಗವನ್ನು ಕೈಯಿಂದ ಮುಟ್ಟಿ ತೋರಿಸಿ.

ಮೈಮೇಲೆ ಕೈ ಬಿದ್ದಾಗ

ಪಾದದಿಂದ ಶುರುವಾಗಿ ಕಾಲು, ಸೊಂಟ, ಬೆನ್ನು, ಕೈ ದಾಟಿ ಕೊನೆಗೆ ಕುಳಿತು ಹೆಗಲು, ತಲೆಗೆ ಬರುತ್ತಾರೆ. ಒಂದು ಗಂಟೆಯೂ ಮಾಡಿಸಬಹುದು, ಎರಡು ಗಂಟೆಯೂ ಮಾಡಿಸಬಹುದು. ಮೊದಲ ಸಲಕ್ಕೆ ಒಂದು ಸಾಕು.

ಎಷ್ಟು ನೋವು ಸರಿ, ಎಷ್ಟು ಅತಿ? ಉಸಿರನ್ನು ಗಮನಿಸಿ. ಒತ್ತಿದಾಗ ‘ಹಾಂ, ಅಲ್ಲೇ’ ಎನ್ನಿಸಿ ಉಸಿರು ಹೊರಗೆ ಹೋದರೆ ಸರಿಯಾಗಿದೆ. ಉಸಿರು ಕಟ್ಟಿಕೊಂಡು ಮುಷ್ಟಿ ಬಿಗಿದರೆ ಅತಿಯಾಗಿದೆ; ಸ್ನಾಯು ಆಗ ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ. ಆಗಲೇ ‘ಜೆಪ್’ ಎನ್ನಿ, ಕೊನೆಯಲ್ಲಲ್ಲ. ಜುಮ್ಮೆಂದು ಕಾಲಿಗೋ ಕೈಗೋ ಕರೆಂಟು ಹರಿದಂತಾದರೆ ಒತ್ತಿದ್ದು ನರದ ಮೇಲೆ ಎಂದರ್ಥ. ಕೂಡಲೇ ನಿಲ್ಲಿಸಿ.

ನಡುವೆ ಒಮ್ಮೆ ತೊಡೆಸಂದಿಯ ಮೇಲೆ ಅಂಗೈ ಊರಿ ಅರ್ಧ ನಿಮಿಷದಿಂದ ಒಂದು ನಿಮಿಷ ಸುಮ್ಮನೆ ಒತ್ತಿ ಹಿಡಿಯಬಹುದು. ಅಲ್ಲಿ ಕಾಲಿಗೆ ಹೋಗುವ ದೊಡ್ಡ ರಕ್ತನಾಳ ಮಿಡಿಯುತ್ತದೆ. ಕೈ ತೆಗೆದಾಗ ಬೆಚ್ಚನೆಯ ಅಲೆ ಪಾದದವರೆಗೆ ಇಳಿಯುತ್ತದೆ. ‘ಗಾಳಿಯ ಬಾಗಿಲು ತೆರೆಯುವುದು’ ಎಂದು ಇದಕ್ಕೆ ಹೆಸರು. ಹೆಸರು ಚೆಂದ, ಅನುಭವವೂ ಚೆಂದ. ಆದರೆ ಹೃದ್ರೋಗ, ಅಧಿಕ ರಕ್ತದೊತ್ತಡ, ಕಾಲಿನಲ್ಲಿ ಉಬ್ಬಿದ ರಕ್ತನಾಳ, ಹಿಂದೆ ಹೆಪ್ಪುಗಟ್ಟಿದ ಇತಿಹಾಸ ಇರುವವರು ಇದನ್ನು ಬಿಟ್ಟುಬಿಡಲು ಹೇಳಬೇಕು.

ಕುತ್ತಿಗೆಯ ಲಟಿಕೆ ಮಾತ್ರ ಬೇಡ

ಕುತ್ತಿಗೆಯನ್ನು ನೀವಿದರೆ, ಹೆಬ್ಬೆರಳಿನಿಂದ ಮೃದುವಾಗಿ ಒತ್ತಿದರೆ ತೊಂದರೆಯಿಲ್ಲ. ನಾನು ಹೇಳುತ್ತಿರುವುದು ಗಲ್ಲ ಹಿಡಿದು ಗಕ್ಕನೆ ತಿರುಗಿಸಿ ‘ಲಟಕ್’ ಎನ್ನಿಸುವುದನ್ನು. ನಮ್ಮ ಕ್ಷೌರದಂಗಡಿಗಳಲ್ಲೂ ಇದು ಇದೆ. ತಲೆ ತಿಕ್ಕಿ ಕೊನೆಗೆ ಉಚಿತ ಉಡುಗೊರೆಯಂತೆ ಎರಡು ಲಟಿಕೆ. ಕತ್ತಿನ ಮೂಳೆಗಳ ರಂಧ್ರಗಳ ಮೂಲಕವೇ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಹಠಾತ್ತನೆ ತಿರುಚಿದಾಗ ಅವುಗಳ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಅದು ಅಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ, ಕೆಲವು ದಿನಗಳ ಮೇಲೂ ಬರಬಹುದು. ಅಪರೂಪ, ನಿಜ. ಆದರೆ ಒಂದು ‘ಲಟಕ್’ ಸದ್ದಿನ ಸುಖಕ್ಕೆ ಅಷ್ಟು ದೊಡ್ಡ ಪಣ ಒಡ್ಡುವ ಅಗತ್ಯವೇನು? ಕುತ್ತಿಗೆ ಮುಟ್ಟಿ ತೋರಿಸಿ ‘ಮಾಯ್ ಆವ್’ ಎಂದು ಮೊದಲೇ ಹೇಳಿ. ಕೈಗಳು ಗಲ್ಲದ ಬಳಿ ಬಂದಾಗ ಇನ್ನೊಮ್ಮೆ ಹೇಳಿ.

ಬೆನ್ನ ಮೇಲೆ ನಿಂತು ನಡೆಯುವುದಕ್ಕೂ ನನ್ನ ಮತವಿಲ್ಲ. ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಎದ್ದ ಮೇಲೆ

ತಟ್ಟನೆ ಏಳಬೇಡಿ, ತಲೆ ಸುತ್ತಬಹುದು. ಬಿಸಿ ಚಹಾ ಕೊಡುತ್ತಾರೆ, ಕೂತು ಕುಡಿಯಿರಿ. ಥಾಯ್ಲೆಂಡಿನಲ್ಲಿ ಮಾಡಿದವರ ಕೈಗೇ 50 ಅಥವಾ 100 ಬಾತ್ (ಅಲ್ಲಿನ ಹಣ) ಭಕ್ಷೀಸು ಕೊಡುವುದು ರೂಢಿ. ಮರುದಿನ ಮೈಕೈ ನೋವು ಇದ್ದರೆ ಗಾಬರಿ ಬೇಡ. ಅಭ್ಯಾಸವಿಲ್ಲದವರು ಗುಡ್ಡ ಹತ್ತಿ ಬಂದಂತೆ, ಒಂದೆರಡು ದಿನದಲ್ಲಿ ಹೋಗುತ್ತದೆ.

ಗಾಬರಿಯಾಗಬೇಕಾದವು ಬೇರೆ. ಎಂದೂ ಇಲ್ಲದ ಕತ್ತುನೋವು ಅಥವಾ ತಲೆನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಒಂದು ಕಡೆ ವಾಲುವುದು, ಕೈಯಲ್ಲಿ ಬಲವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಎದೆನೋವಿನೊಂದಿಗೆ ಉಸಿರುಕಟ್ಟಿದರೂ ಅಷ್ಟೇ. ಕಾಲುಗಳು ಸೋತು ಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಬೆನ್ನುಹುರಿಯ ಕೆಳಗಿನ ನರಗಳ ಮೇಲೆ ಒತ್ತಡ ಬಿದ್ದಿರಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಜಜ್ಜಿದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದು ಶಂಕಿಸಬೇಕು. ಥಾಯ್ಲೆಂಡಿನಲ್ಲಿ ಆಂಬುಲೆನ್ಸ್‌ಗೆ 1669, ಪ್ರವಾಸಿ ಪೊಲೀಸರಿಗೆ 1155. ಕರ್ನಾಟಕದಲ್ಲಿ 108. ವೈದ್ಯರಿಗೆ ಮಸಾಜ್ ಮಾಡಿಸಿಕೊಂಡ ವಿಷಯವನ್ನು ಮೊದಲೇ ಹೇಳಿ, ಯಾವ ಭಾಗಕ್ಕೆ, ಯಾವಾಗ ಎಂಬುದನ್ನೂ ಹೇಳಿ.

ಏನೂ ಆಗದೆ ಹಾಯೆನಿಸಿತೇ? ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಹೋಗಿ. ಆದರೆ ಪ್ರತಿ ಸಲವೂ ಅದೇ ಸೊಂಟ, ಅದೇ ಜಾಗ ಮೂರೇ ದಿನದಲ್ಲಿ ಹಿಡಿದುಕೊಳ್ಳುತ್ತಿದ್ದರೆ ಆ ದುಡ್ಡನ್ನು ಮೂಳೆ ವೈದ್ಯರಿಗೋ ಫಿಸಿಯೋಥೆರಪಿಯವರಿಗೋ ಕೊಡಿ, ಕೂರುವ ಕುರ್ಚಿಯನ್ನೂ ಒಮ್ಮೆ ಬದಲಾಯಿಸಿ ನೋಡಿ.