ಮಂಗನ ಕಾಯಿಲೆ ಸೀಸನ್ನಿಗೆ ಊರು ರೆಡಿಯಾಗೋದು ಹೇಗೆ

ಮಳೆ ಬಿಟ್ಟು ಗದ್ದೆ ಕೊಯ್ಲು, ಅಡಿಕೆ ಕೊಯ್ಲು ಶುರುವಾದರೆ ಮಲೆನಾಡಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಆರೋಗ್ಯ ಇಲಾಖೆಯವರು ಸಭೆ ಕರೆಯುತ್ತಾರೆ, ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಹಂಚುತ್ತಾರೆ, ಮೈಕು ಕಟ್ಟಿದ ಗಾಡಿ ಬರುತ್ತದೆ. "ವರ್ಷಾ ವರ್ಷ ಇದ್ದದ್ದೇ" ಅಂತ ನಾವು ಸುಮ್ನಾಗುತ್ತೇವೆ. ಆಮೇಲೆ ಜನವರಿಯಲ್ಲಿ ಪಕ್ಕದ ಊರಿನ ಒಬ್ಬರಿಗೆ ಪಾಸಿಟಿವ್ ಬಂತು ಅಂದ ಕೂಡಲೇ ಎಣ್ಣೆ ಎಲ್ಲಿ, ಗಾಡಿ ಎಲ್ಲಿ, ಡಾಕ್ಟರ್ ಎಲ್ಲಿ ಅಂತ ಓಡಾಟ. ಈ ಕಾಯಿಲೆಗೆ ತಯಾರಿ ಅಕ್ಟೋಬರ್, ನವೆಂಬರಿನ ಕೆಲಸ. ಅದರಲ್ಲಿ ಅರ್ಧ ಇಲಾಖೆಯದು, ಉಳಿದರ್ಧ ಊರಿನದು. ಊರಿನವರ ಅರ್ಧ ಹೇಗೆ ಮಾಡಬೇಕು ಅನ್ನೋದನ್ನೇ ಇಲ್ಲಿ ಹೇಳುತ್ತೇನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ಕಾಯಿಲೆಯ ವೈರಸ್ ಪತ್ತೆಯಾಯಿತು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ, ಹಾಗಾಗಿ ರೋಗಿಯ ಮನೆಯವರನ್ನು ದೂರ ಇಡಬೇಕಾಗಿಲ್ಲ. ಮಳೆ ನಿಂತು ಕಾಡು ಒಣಗುತ್ತಾ ಬಂದ ಹಾಗೆ ಉಣುಗಿನ ಮರಿಗಳು ಜಾಸ್ತಿಯಾಗುತ್ತವೆ, ಅದಕ್ಕೇ ನವೆಂಬರಿನಿಂದ ಮೇ ತನಕ ಸೀಸನ್. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ತೀರಿಕೊಳ್ಳುತ್ತಾರೆ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆ ಹಬ್ಬಿ ಜನ ತೀರಿಕೊಂಡಾಗ ಏನಾಯ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಕೆಲಸ, ಕಾಡಿಗೆ ಹೋಗುವವರ ಪಟ್ಟಿ. ಆಶಾ ಕಾರ್ಯಕರ್ತೆಯ ಹತ್ತಿರ ಮನೆಗಳ ಪಟ್ಟಿ ಇರುತ್ತದೆ. ಆದರೆ ಯಾರು ದರಗು (ಕಾಡಿನ ಒಣ ಎಲೆ) ಗುಡಿಸಲು ಯಾವ ಬೆಟ್ಟಕ್ಕೆ ಹೋಗುತ್ತಾರೆ, ಯಾರು ಸೌದೆಗೆ, ಯಾರು ದನ ಹೊಡೆದುಕೊಂಡು ಹೋಗುತ್ತಾರೆ, ಯಾರ ತೋಟ ಕಾಡಿಗೆ ತಾಗಿಕೊಂಡಿದೆ ಅನ್ನೋದು ಊರಿನವರಿಗೇ ಗೊತ್ತು. ಒಂದು ಸಂಜೆ ನಾಲ್ಕು ಜನ ಕೂತರೆ ಮುಗಿಯುವ ಕೆಲಸ. ಅಡಿಕೆ ಕೊಯ್ಲಿಗೆ ಹೊರಗಿನಿಂದ ಬಂದವರನ್ನು ಮರೆಯಬೇಡಿ. ಅವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ, ಎಣ್ಣೆ ಹಂಚುವಾಗ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಒಂದಿದೆ, ಗೊತ್ತಾ? ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇದಕ್ಕೆ ವರ್ಷಕ್ಕೆ 10,000 ರೂಪಾಯಿ ತನಕ ಮುಕ್ತ ನಿಧಿಗೆ, ಅಂದರೆ ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ದುಡ್ಡಿಗೆ, ಅವಕಾಶ ಇದೆ. ಎಷ್ಟೋ ಕಡೆ ಸಮಿತಿ ಇರುವುದು ಕಾಗದದ ಮೇಲೆ ಮಾತ್ರ. ನವೆಂಬರಿಗೆ ಮೊದಲು ಒಂದು ಸಭೆ ಕರೆಸಿ, ಖಾತೆಯಲ್ಲಿ ಎಷ್ಟಿದೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಪರವಾಗಿಲ್ಲ.

ಈಗ ಮಂಗದ ವಿಷಯ. ಇಲಾಖೆಯ ಇಡೀ ಎಚ್ಚರಿಕೆ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಮಂಗ, ಮುಸಿಯ ಎರಡೂ ಈ ವೈರಸ್ಸಿಗೆ ಸಾಯುತ್ತವೆ, ಸತ್ತ ಮಂಗ ಅಂದರೆ ಆ ಜಾಗದಲ್ಲಿ ವೈರಸ್ ಇರಬಹುದು ಅಂತ ಅರ್ಥ. ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗೆಲ್ಲ ಇಳಿದು ಸುತ್ತಲಿನ ದರಗಿನೊಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ಹತ್ತಿರ ಹೋಗಬೇಡಿ, ಕೋಲಿನಿಂದ ತಿರುಗಿಸಿ ನೋಡಬೇಡಿ. ಊದುಬತ್ತಿ ಹಚ್ಚಿ, ಬಿಳಿ ಬಟ್ಟೆ ಹೊದಿಸಿ ಮಣ್ಣು ಮಾಡೋಣ ಅನ್ನುವವರು ಇರುತ್ತಾರೆ. ಭಕ್ತಿ ಬೇಡ ಅನ್ನುತ್ತಿಲ್ಲ, ದೂರದಿಂದಲೇ ಕೈ ಮುಗಿಯಿರಿ. ಜಾಗದ ಗುರುತು ನೆನಪಿಟ್ಟುಕೊಂಡು ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ (ಪಿಎಚ್‌ಸಿ), ಫಾರೆಸ್ಟ್ ಗಾರ್ಡಿಗೋ ಫೋನ್ ಮಾಡಿ. ಕೊಳೆತ ಮೇಲೆ ಹೇಳಿದರೆ ಪರೀಕ್ಷೆಗೆ ಸ್ಯಾಂಪಲ್ ಸಿಗುವುದಿಲ್ಲ, ಹಾಗಾಗಿ ಕಂಡ ದಿನವೇ ಹೇಳಬೇಕು. ನಾಳೆ ಹೇಳಿದರಾಯ್ತು ಅನ್ನೋದು ಇಲ್ಲಿ ನಡೆಯುವುದಿಲ್ಲ.

ಹೇಳಿದ ಮೇಲೆ ಏನೇನು ಆಗಬೇಕು ಅಂತ ಗೊತ್ತಿದ್ದರೆ ಆಗಿಲ್ಲದಾಗ ಕೇಳಬಹುದು. ಪಶು ವೈದ್ಯರು ಬಂದು ಅಂಗಾಂಗದ ಸ್ಯಾಂಪಲ್ ತೆಗೆಯುತ್ತಾರೆ, ಅರಣ್ಯ ಇಲಾಖೆಯವರು ಮಂಗವನ್ನು ಸುಡುತ್ತಾರೆ, ಆ ಜಾಗದ ಸುತ್ತ 50 ಅಡಿಗೆ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ಸುತ್ತಲಿನ ಊರುಗಳಲ್ಲಿ ಜ್ವರದ ಸರ್ವೆ ಆಗುತ್ತದೆ. ಉಣುಗು ಹಿಡಿಯುವುದನ್ನು ಒಮ್ಮೆ ನೋಡಬೇಕು. ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ದರಗಿನ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತಾರೆ, ಆಗಾಗ ಮಗುಚಿ ನೋಡುತ್ತಾರೆ, ಬಟ್ಟೆಯ ತುಂಬ ಎಳ್ಳಿಗಿಂತ ಸಣ್ಣ ಕಂದು ಚುಕ್ಕೆಗಳು ಹರಿದಾಡುತ್ತಿರುತ್ತವೆ. ಅವನ್ನು ಚಿಮುಟದಲ್ಲಿ ಎತ್ತಿ ಸಣ್ಣ ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸುತ್ತಾರೆ. "ನಮ್ಮ ಬೆಟ್ಟದಲ್ಲಿ ಉಣುಗೇ ಇಲ್ಲ ಮಾರಾಯ್ರೇ" ಅನ್ನುವವರಿಗೆ ಆ ಬಟ್ಟೆ ತೋರಿಸಿದರೆ ಸಾಕು, ಬೇರೆ ಭಾಷಣ ಬೇಡ.

ಎಣ್ಣೆ ಅಂದರೆ ಡೆಪಾ ಎಣ್ಣೆ, ಉಣುಗು ಹತ್ತಿರ ಬಾರದ ಹಾಗೆ ಮೈಗೆ ಹಚ್ಚುವಂಥದ್ದು. ಆಶಾ ಮೂಲಕ ಪುಕ್ಕಟೆ ಸಿಗುತ್ತದೆ. ಅದರ ಕೆಲಸ ಕೆಲವು ಗಂಟೆ ಅಷ್ಟೇ, ಬೆಳಿಗ್ಗೆ ಹಚ್ಚಿ ಸಂಜೆ ತನಕ ನಡೆಯುತ್ತದೆ ಅಂದುಕೊಳ್ಳಬೇಡಿ. ಕಾಡಿಗೆ ಕಾಲಿಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ತುಂಬು ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿದರೆ ಉಣುಗು ಹತ್ತಿದ್ದು ಕಾಣುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ನೋಡಿದವರು ನಕ್ಕರೆ ನಗಲಿ. ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ದರಗಿನ ಹೊರೆಯನ್ನು ತಂದು ಜಗುಲಿಗೆ ಒರಗಿಸುವ ಅಭ್ಯಾಸ ಬಿಡಿ. ಈ ಸೀಸನ್ನಿನಲ್ಲಿ ಮಂಗ ಸತ್ತ ಬೆಟ್ಟದ ದರಗನ್ನಂತೂ ಕೊಟ್ಟಿಗೆಗೆ ತರಲೇಬೇಡಿ. ಕಾಡಿಗೆ ಮೇಯಲು ಹೋಗುವ ದನಗಳಿಗೆ ಪಶು ಆಸ್ಪತ್ರೆಯಲ್ಲಿ ಉಣುಗಿನ ಔಷಧಿ ಕೇಳಿ, ಉಣುಗು ಮನೆ ತನಕ ಬರುವುದು ಅವುಗಳ ಮೈ ಮೇಲೇ ಅಲ್ವಾ.

ಲಸಿಕೆ ಹಾಕಿಸಿಕೊಂಡಿದ್ದೇವೆ ಅಂತ ಧೈರ್ಯವಾಗಿರುವ ಹಿರಿಯರು ಊರಿಗೊಬ್ಬರಾದರೂ ಸಿಗುತ್ತಾರೆ. ಹಳೆಯ ಲಸಿಕೆಯ ಶಕ್ತಿ ಕಡಿಮೆ ಅಂತಲೇ ಅದನ್ನು 2022ರಿಂದ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಯಾವಾಗಲೋ ಹಾಕಿಸಿಕೊಂಡದ್ದನ್ನು ನಂಬಿ ಕೂರಬೇಡಿ.

ಜ್ವರ ಬಂದರೆ? ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜೋರು ಜ್ವರ, ತಲೆನೋವು, ಮೈಕೈ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಇದಕ್ಕೇ ಅಂತ ಔಷಧಿ ಇಲ್ಲ, ಆದರೆ ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿಕೊಂಡರೆ ಹೆಚ್ಚಿನವರು ಹುಷಾರಾಗುತ್ತಾರೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವುದೇ ದೊಡ್ಡ ಅಪಾಯ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಜಾಸ್ತಿ ಮಾಡಬಹುದು. ಪಿಎಚ್‌ಸಿಗೆ ಹೋಗುವ ತನಕ ಪ್ಯಾರಾಸಿಟಮಾಲ್ ಸಾಕು. ಅಲ್ಲಿ ಡಾಕ್ಟರು ಕೇಳಲಿ, ಕೇಳದಿರಲಿ, "ಕಾಡಿಗೆ ಹೋಗಿದ್ದೆ, ಊರಲ್ಲಿ ಮಂಗ ಸತ್ತಿದೆ" ಅಂತ ನೀವೇ ಹೇಳಿ. ರಕ್ತ ಮೊದಲ ಕೆಲವು ದಿನಗಳಲ್ಲೇ ಕೊಡಬೇಕು, ಆರ್‌ಟಿಪಿಸಿಆರ್‌ನಲ್ಲಿ ವೈರಸ್ ಸಿಗುವುದು ಆಗ. ಪರೀಕ್ಷೆಗೆ ಶಿವಮೊಗ್ಗದಲ್ಲೇ ಲ್ಯಾಬ್ ಇದೆ. ಇನ್ನೊಂದು, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಕೆಲವರಿಗೆ ಮತ್ತೆ ಬರುತ್ತದೆ, ಆಗ ತಲೆ ತಿರುಗುವುದು, ನಡುಕ, ಗೊಂದಲ ಕಾಣಬಹುದು. ಹುಷಾರಾದರು ಅಂತ ಕೂಡಲೇ ತೋಟದ ಕೆಲಸಕ್ಕೆ ಕಳಿಸಬೇಡಿ.

ಇನ್ನು ಗಾಡಿ. 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಬೇಕು, ನಮ್ಮ ಎಷ್ಟೋ ಊರುಗಳಲ್ಲಿ ಅದು ಸಿಗುವುದು ಗುಡ್ಡದ ಒಂದು ತಿರುವಿನಲ್ಲಿ ಮಾತ್ರ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆಯಾದ ಮೇಲೆ ಲಾಂಚ್ ಕಾಯುವ ಕಷ್ಟ ತಪ್ಪಿತು, ಉಳಿದ ಮೂಲೆಗಳಲ್ಲಿ ರಸ್ತೆ ಹಾಗೇ ಇದೆ. ರಾತ್ರಿ ಯಾರ ಜೀಪು, ಯಾರು ಓಡಿಸುತ್ತಾರೆ, ಡೀಸೆಲ್ ದುಡ್ಡು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ನಂಬರುಗಳನ್ನು ಮೊಬೈಲಿನಲ್ಲಿ ಇಟ್ಟರೆ ಸಾಲದು, ಹಾಲಿನ ಡೈರಿ ಗೋಡೆಗೆ, ಅಂಗಡಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಜೂನಿನಲ್ಲಿ ಗುಡ್ಡ ಜರಿದು ದಾರಿ ಕಟ್ಟಾದಾಗಲೂ ಇದೇ ಪಟ್ಟಿ, ಇದೇ ಜೀಪು ಉಪಯೋಗಕ್ಕೆ ಬರುತ್ತದೆ. ಜಿಲ್ಲಾಡಳಿತದ 1077 ನಂಬರನ್ನೂ ಅದೇ ಗೋಡೆಗೆ ಸೇರಿಸಿ. ಹೊಳೆ ನೀರು ಬಾವಿಗೆ ನುಗ್ಗಿದ್ದರೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆ ಬ್ಲೀಚಿಂಗ್ ಪೌಡರ್ ಸಾಮಾನ್ಯ ಅಳತೆ. ನೀರು ತುಂಬ ಕೆಟ್ಟಿದ್ದರೆ ಇನ್ನೂ ಜಾಸ್ತಿ ಬೇಕಾಗುತ್ತದೆ, ಅದನ್ನು ಆರೋಗ್ಯ ನಿರೀಕ್ಷಕರು ಕ್ಲೋರಿನ್ ಪರೀಕ್ಷೆ ಮಾಡಿ ಹೇಳುತ್ತಾರೆ. ಮುಚ್ಚಳ ತೆಗೆದಿಟ್ಟ ಹಳೆ ಡಬ್ಬದ ಪುಡಿ ಮಾತ್ರ ತರಬೇಡಿ, ಅದರಲ್ಲಿ ಕ್ಲೋರಿನ್ ಆಗಲೇ ಹಾರಿಹೋಗಿರುತ್ತದೆ.